ಸ್ಕ್ವಾಡ್ರನ್ 42: ‘ಫೀಚರ್ ಕಂಪ್ಲೀಟ್’ ಅಂದರೆ ಏನ್ರೀ ಅರ್ಥ? ಇನ್ನೂ ಕಾಯುತ್ತಿರುವವರು ಇದ್ದೀರಾ?

ಅರ್ಧರಾತ್ರಿ_ಪೈಲಟ್
ತಿಂಗಳಿಗೊಂದು ಸಲ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಸ್ಕ್ವಾಡ್ರನ್ 42ರ ಮಾಸಿಕ ವರದಿ ಬಂದ ದಿನ, ಮನೆಯವರೆಲ್ಲ ಮಲಗಿದ ಮೇಲೆ ಕೂತು ಪೂರ್ತಿ ಓದುತ್ತೇನೆ. ಬೆಳಕಿನ ತಂಡ ಏನು ಮಾಡಿತು, ಅನಿಮೇಷನ್ ತಂಡ ಏನು ಮಾಡಿತು, ಎಲ್ಲಾ. ಓದಿ ಮುಗಿಸಿದಾಗ ಏನೋ ಖುಷಿ. ಬೆಳಿಗ್ಗೆ ಎದ್ದರೆ ಮಾತ್ರ ಒಂದೇ ಪ್ರಶ್ನೆ: ಎಲ್ಲಾ ಸರಿ, ಆಟ ಎಲ್ಲಿ?

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಟಾರ್ ಸಿಟಿಜನ್ ಅಂದರೆ ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಆಡುವ ಬಾಹ್ಯಾಕಾಶದ ಆಟ. ಅದಕ್ಕೆ 2012ರ ಅಕ್ಟೋಬರ್‌ನಲ್ಲಿ ಜನರಿಂದ ಹಣ ಎತ್ತಿದರು. ಅದರ ಜೊತೆಗೇ ಬರಬೇಕಿದ್ದ, ಒಬ್ಬರೇ ಕೂತು ಆಡುವ ಕಥೆಯ ಆಟ ಈ ಸ್ಕ್ವಾಡ್ರನ್ 42. ಆಗ ಹೇಳಿದ ಗಡುವು 2014ರ ನವೆಂಬರ್. 2015ರಲ್ಲಿ ಒಂದು ಟ್ರೇಲರ್ ಬಂತು, ಅದರಲ್ಲಿ 2016 ಅಂತ ದೊಡ್ಡದಾಗಿ ಬರೆದಿತ್ತು. ಆಮೇಲೆ 2020ಕ್ಕೆ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಅಂದರು. 2023ರ ಅಕ್ಟೋಬರ್‌ನಲ್ಲಿ ‘ಫೀಚರ್ ಕಂಪ್ಲೀಟ್’ ಅಂದರು, ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಮರುವರ್ಷ ಅದೇ ತಿಂಗಳು, 2026ಕ್ಕೆ ಬಿಡುಗಡೆ ಅಂದರು.

ನನ್ನ ಪ್ರಶ್ನೆ ಇಷ್ಟೇ. ಫೀಚರ್ ಎಲ್ಲಾ ಮುಗಿದ ಮೇಲೂ ಮೂರು ವರ್ಷ ಏನು ಮಾಡುತ್ತಾರೆ? ಈ ಕೆಲಸ ಗೊತ್ತಿರುವವರು ಯಾರಾದರೂ ಹೇಳಿ. ಮತ್ತೆ ನೀವೆಲ್ಲಾ ಇನ್ನೂ ಕಾಯುತ್ತಿದ್ದೀರಾ, ಇಲ್ಲ ಎಳ್ಳು ನೀರು ಬಿಟ್ಟಿರಾ?

ಲೆಕ್ಕ ಕೇಳುವವ
2016ರಲ್ಲೇ ಬಿಟ್ಟೆ. ನೆಮ್ಮದಿಯಾಗಿದ್ದೇನೆ.

ರೇಷ್ಮೆಹುಳು
ನೆಮ್ಮದಿಯಾಗಿರುವವರು ಒಂದು ನಿಮಿಷದೊಳಗೆ ಬಂದು ಉತ್ತರ ಕೊಡುವುದಿಲ್ಲ ಸ್ವಾಮಿ 😄

ಸೊನ್ನೆ ಒಂದು
ನಾನು ಆಟ ಮಾಡುವವನಲ್ಲ, ಬೇರೆ ಸಾಫ್ಟ್‌ವೇರ್ ಬರೆಯುತ್ತೇನೆ. ಆದರೆ ಪದಗಳು ಅವೇ.

ಫೀಚರ್ ಕಂಪ್ಲೀಟ್ ಅಂದರೆ ಆಟ ಮುಗಿದಿದೆ ಅಂತ ಅಲ್ಲ. ಆಟದಲ್ಲಿ ಏನೇನು ಮಾಡಬಹುದೋ ಅದಕ್ಕೆಲ್ಲ ಕೋಡ್ ಇದೆ ಅಂತ, ಅಷ್ಟೇ. ಹಾರುವುದು, ಗುಂಡು ಹೊಡೆಯುವುದು, ಏಣಿ ಹತ್ತುವುದು, ಎದುರಿಗೆ ಸಿಕ್ಕವನ ಜೊತೆ ಮಾತಾಡುವುದು. ಎಲ್ಲವೂ ಒಂದೊಂದಾಗಿ ನಡೆಯುತ್ತವೆ. ಕಂಟೆಂಟ್ ಕಂಪ್ಲೀಟ್ ಅನ್ನುವುದು ಬೇರೆ ಹಂತ. ಎಲ್ಲ ದೃಶ್ಯ, ಎಲ್ಲ ದನಿ, ಎಲ್ಲ ಕೋಣೆ ತಂತಮ್ಮ ಜಾಗದಲ್ಲಿ ಬಂದು ಕೂತಿರಬೇಕು. ಅದಾದ ಮೇಲೆ ಬಗ್, ವೇಗ, ಮೆಮೊರಿ.

ಕಷ್ಟ ಇರುವುದು ಜೋಡಿಗಳಲ್ಲಿ. ಹತ್ತು ಫೀಚರ್ ಇದ್ದರೆ ಎರಡೆರಡು ಸೇರುವ ಜೋಡಿ 45. ನೂರಿದ್ದರೆ 4,950. ಏಣಿ ಸರಿ ಇದೆ, ಗುಂಡು ಸರಿ ಇದೆ. ಏಣಿ ಹತ್ತುತ್ತಾ ಇರುವಾಗ ಗುಂಡು ಬಿದ್ದರೆ? ಏಣಿಯೇ ಹಾರುತ್ತಿರುವ ಹಡಗಿನೊಳಗೆ ಇದ್ದರೆ? ಆ ಹಡಗು ತಲೆಕೆಳಗಾಗಿದ್ದರೆ? ಮೂರು ವರ್ಷ ಜಾಸ್ತಿಯೇ. ಆದರೆ ಸುಮ್ನೆ ಕೂತಿರುತ್ತಾರೆ ಅಂದುಕೊಳ್ಳಬೇಡಿ.

ಬಗ್ಗೇಶ
ಮೇಲಿನವರು ಹೇಳಿದ್ದು ಅಕ್ಷರಕ್ಕಕ್ಷರ ನಿಜ. ನಾನು ಬೇರೊಂದು ಆಟಕ್ಕೆ ಟೆಸ್ಟಿಂಗ್ ಮಾಡಿದವನು. ಹೆಸರು ಬೇಡ.

ಅಲ್ಲಿ ಒಬ್ಬ ಕಾವಲುಗಾರ ಕುರ್ಚಿಯಲ್ಲಿ ಕೂತಿರುತ್ತಿದ್ದ. ಬಾಗಿಲು ತೆರೆದರೆ ಅವನು ಏಳಬೇಕು. ಏಳುತ್ತಿದ್ದ. ಜೊತೆಗೆ ಕುರ್ಚಿಯೂ ಏಳುತ್ತಿತ್ತು. ಹಿಂದುಗಡೆ ಅಂಟಿಸಿಕೊಂಡೇ ಇಡೀ ಕಾರಿಡಾರ್ ಓಡಿ ಬಂದು ನಮ್ಮ ಮೇಲೆ ಗುಂಡು ಹಾರಿಸುತ್ತಿದ್ದ. ಬಗ್ ಬರೆದೆ, ಸರಿ ಮಾಡಿದರು. ಮರುವಾರ ಕುರ್ಚಿ ಅಲ್ಲೇ ಉಳಿಯಿತು, ಆದರೆ ಇವನು ಕೂತ ಭಂಗಿಯಲ್ಲೇ ಗಾಳಿಯಲ್ಲಿ ತೇಲಿಕೊಂಡು ಬಂದ. ಮತ್ತೆ ಬರೆದೆ. ಹನ್ನೊಂದು ಸಲ ಅದೇ ಬಗ್ಗನ್ನು ಮುಚ್ಚಿ ಹನ್ನೊಂದು ಸಲ ತೆರೆದಿದ್ದೇನೆ. ಕೊನೆಗೆ ನೋಡಿದರೆ ಯಾರೋ ಪುಣ್ಯಾತ್ಮ ಆ ಕುರ್ಚಿಯನ್ನು ‘ಕೈಯಲ್ಲಿ ಹಿಡಿಯುವ ವಸ್ತು’ ಅಂತ ಗುರುತು ಹಾಕಿದ್ದ. ಆಟದ ಲೆಕ್ಕದಲ್ಲಿ ಅದು ಕುರ್ಚಿಯಲ್ಲ, ಬಂದೂಕು.

ಆ ಆಟ ಆಗಲೇ ‘ಫೀಚರ್ ಕಂಪ್ಲೀಟ್’ ಆಗಿ ನಾಲ್ಕು ತಿಂಗಳಾಗಿತ್ತು.

ಮೌನಿ
ಕುರ್ಚಿ ಬಂದೂಕು 😂😂

ಅರ್ಧರಾತ್ರಿ_ಪೈಲಟ್
@ಬಗ್ಗೇಶ ಆ ಆಟ ಕೊನೆಗೆ ಬಂತಾ?

ಬಗ್ಗೇಶ
ಬಂತು. ಕುರ್ಚಿ ತೆಗೆದೇ ಹಾಕಿದರು. ಕಾವಲುಗಾರ ಈಗ ನಿಂತೇ ಇರುತ್ತಾನೆ.

ಲೆಕ್ಕ ಕೇಳುವವ
ಇದೆಲ್ಲ ಕೇಳೋಕೆ ಚೆನ್ನಾಗಿದೆ. ಆದರೆ ಕುರ್ಚಿ ಕಥೆ ಹೇಳಿ ತಿಪ್ಪೆ ಸಾರಿಸಬೇಡಿ. ಲೆಕ್ಕ ನೋಡಿ. ಜನರಿಂದ ಹಣ ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ ಬಂದದ್ದು ಸುಮಾರು 21 ಲಕ್ಷ ಡಾಲರ್. ತಮ್ಮದೇ ವೆಬ್‌ಸೈಟಿನಲ್ಲಿ ಎತ್ತಿದ್ದೂ ಸೇರಿ ಆ ಅಭಿಯಾನ ಮುಗಿದಾಗ 62 ಲಕ್ಷ. 2024ರಲ್ಲಿ ಒಟ್ಟು ಮೊತ್ತ 70 ಕೋಟಿ ಡಾಲರ್ ದಾಟಿತು. ಆಟದೊಳಗೆ ಹಾರಿಸುವ ಹಡಗುಗಳನ್ನು ನಿಜವಾದ ದುಡ್ಡಿಗೆ ಮಾರುತ್ತಾರೆ. 2018ರಲ್ಲಿ ಅಂಥ ಹಡಗುಗಳ 27,000 ಡಾಲರಿನ ಒಂದು ಕಟ್ಟು ಮಾರಾಟಕ್ಕಿಟ್ಟಿದ್ದರು. ಅದರ ಪುಟ ನೋಡಬೇಕು ಅಂದರೂ ಮೊದಲೇ 1,000 ಡಾಲರ್ ಖರ್ಚು ಮಾಡಿರಬೇಕಿತ್ತು! ಬಾನು ಮರ್ಚೆಂಟ್‌ಮ್ಯಾನ್ ಅನ್ನುವ ಹಡಗನ್ನು 2013ರಲ್ಲಿ ಬರೀ ಚಿತ್ರ ತೋರಿಸಿ ಮಾರಿದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಕೇಳಿದ್ದೇವೆ. ಇಲ್ಲಿ ಕುಲಾವಿ ಮಾರಿದ ದುಡ್ಡಲ್ಲಿ ಹತ್ತು ವರ್ಷ ಸಂಸಾರ ನಡೆದಿದೆ.

ಮುಗಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಅದಕ್ಕೇ ಮುಗಿಸುವುದಿಲ್ಲ. ಅಷ್ಟು ಸರಳ.

ಸೊನ್ನೆ ಒಂದು
ಅಷ್ಟು ಸರಳ ಅಲ್ಲ. ಸ್ಟಾರ್ ಸಿಟಿಜನ್ ಮುಗಿಯದಿದ್ದರೆ ಹಡಗು ಮಾರಬಹುದು, ಸರಿ. ಸ್ಕ್ವಾಡ್ರನ್ 42 ಬೇರೆ. ಅದು ಒಂದೇ ಸಲ ಕೊಂಡು ಆಡುವ ಆಟ, ಮುಗಿದು ಮಾರಾಟವಾದರೆ ತಾನೇ ದೊಡ್ಡ ದುಡ್ಡು. ಮಾರ್ಕ್ ಹ್ಯಾಮಿಲ್, ಗ್ಯಾರಿ ಓಲ್ಡ್‌ಮನ್, ಗಿಲಿಯನ್ ಆ್ಯಂಡರ್ಸನ್ ಅಂಥವರಿಂದ ನಟನೆ ಮಾಡಿಸಿ ಡಬ್ಬದಲ್ಲಿ ಮುಚ್ಚಿಡುವುದರಿಂದ ಯಾರಿಗೆ ಲಾಭ?

ಲೆಕ್ಕ ಕೇಳುವವ
ಅವರ ಹೆಸರು ಹೇಳಿಕೊಂಡು ಇನ್ನೊಂದಷ್ಟು ಹಡಗು ಮಾರೋಕೆ.

ಹಳೇ ಜಾಯ್‌ಸ್ಟಿಕ್
ಮಕ್ಕಳಾ, ಜಗಳ ನಿಲ್ಲಿಸಿ. ಸ್ವಲ್ಪ ಹಳೇ ಕಥೆ ಕೇಳಿ.

ಈ ಎರಡೂ ಆಟಗಳ ರೂವಾರಿ ಕ್ರಿಸ್ ರಾಬರ್ಟ್ಸ್ ಈ ಥರ ಮಾಡಿದ್ದು ಇದೇ ಮೊದಲಲ್ಲ. 1990ರಲ್ಲಿ ವಿಂಗ್ ಕಮಾಂಡರ್ ಅನ್ನುವ ಬಾಹ್ಯಾಕಾಶ ಯುದ್ಧದ ಆಟ ಮಾಡಿ ಹೆಸರು ತೆಗೆದವರು ಇವರು. ನಾನು ಅದನ್ನು ಆಡಿದ್ದು ಎಷ್ಟೋ ವರ್ಷ ಆದಮೇಲೆ, ಅಣ್ಣನ ಹಳೇ ಕಂಪ್ಯೂಟರಿನಲ್ಲಿ, ಎಡಗಡೆಗೆ ವಾಲಿದ ಜಾಯ್‌ಸ್ಟಿಕ್ ಹಿಡಿದು. ನೇರ ಹೋಗಬೇಕಾದರೆ ಕೈಯನ್ನು ಸ್ವಲ್ಪ ಬಲಕ್ಕೆ ಎಳೆದು ಹಿಡಿದೇ ಇರಬೇಕಿತ್ತು. ಈಗಲೂ ಯಾವ ಹಡಗಿನ ಆಟ ಆಡಿದರೂ ನನ್ನ ಕೈ ಬಲಕ್ಕೆ ಹೋಗುತ್ತದೆ.

ಆಮೇಲೆ ಅವರು ಡಿಜಿಟಲ್ ಆ್ಯನ್ವಿಲ್ ಅಂತ ಕಂಪನಿ ಕಟ್ಟಿ ಫ್ರೀಲ್ಯಾನ್ಸರ್ ಅನ್ನುವ ಆಟ ಶುರು ಮಾಡಿದರು. ದೊಡ್ಡ ಕನಸು. ಆಟಗಾರರಿಲ್ಲದಿದ್ದರೂ ತಾನೇ ಬದುಕುವ ಬ್ರಹ್ಮಾಂಡ, ಏರಿಳಿಯುವ ಮಾರುಕಟ್ಟೆ, ಎಲ್ಲಾ. 1999ರಲ್ಲಿ ತೋರಿಸಿದರು, 2000ಕ್ಕೆ ಬರಬೇಕಿತ್ತು. ಬರಲಿಲ್ಲ. ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು, ರಾಬರ್ಟ್ಸ್ ಹೊರಗೆ ಹೋದರು, ಉಳಿದವರು ಕನಸನ್ನು ಕತ್ತರಿಸಿ ಕತ್ತರಿಸಿ 2003ರಲ್ಲಿ ಬಿಡುಗಡೆ ಮಾಡಿದರು. ಕತ್ತರಿಸಿದ ಮೇಲೂ ಚೆನ್ನಾಗಿತ್ತು ಮಾರಾಯರೇ! ನನಗೆ ಇವತ್ತಿಗೂ ಅದೇ ಇಷ್ಟ.

ನನ್ನ ಅನಿಸಿಕೆ: ಇವರು ಮೋಸಗಾರರಲ್ಲ. ‘ಸಾಕು’ ಅನ್ನುವ ಪದ ಬರುವುದಿಲ್ಲ ಅಷ್ಟೇ. ಆಗ ಸಾಕು ಅನ್ನೋಕೆ ಮೇಲೆ ಒಬ್ಬರಿದ್ದರು. ಈಗ ದುಡ್ಡು ಕೊಡುವವರು ನಾವೇ, ನಾವು ‘ಇನ್ನೂ ಬೇಕು’ ಅನ್ನುವವರು.

ಕೋಡಂಗಿ
ಈ ಕೊನೆಯ ಸಾಲು ಸರಿಯಾಗಿ ತಾಗಿತು.

ನನ್ನ ಹೆಸರು ನೋಡಿ ಎಲ್ಲರೂ ನಾನು ಸ್ಟಾರ್ ಸಿಟಿಜನ್‌ಗೆ ದುಡ್ಡು ಹಾಕಿದವನು ಅಂದುಕೊಳ್ಳುತ್ತಾರೆ. ಅಲ್ಲ. ಬೇರೊಂದು ಚಿಕ್ಕ ಆಟಕ್ಕೆ ಹಾಕಿದ್ದೆ. ಮೊದಲ ವರ್ಷ ವಾರಕ್ಕೊಂದು ಸುದ್ದಿ ಬರುತ್ತಿತ್ತು. ಎರಡನೇ ವರ್ಷ ತಿಂಗಳಿಗೊಂದು. ಆಮೇಲೆ ಒಂದು ದಿನ ‘ಮುಂದಿನ ವಾರ ದೊಡ್ಡ ಸುದ್ದಿ ಇದೆ’ ಅಂತ ಮೇಲ್ ಬಂತು. ಅದೇ ಕೊನೆಯ ಮೇಲ್. ಐದು ವರ್ಷ ಆಯಿತು, ಮುಂದಿನ ವಾರ ಇನ್ನೂ ಬಂದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಅದಕ್ಕೆ ಹೋಲಿಸಿದರೆ ತಿಂಗಳು ತಿಂಗಳು ವರದಿ ಬರೆಯುವವರು ದೇವರು. ಕನಿಷ್ಠ ಜೀವಂತ ಇದ್ದಾರೆ ಅಂತ ಗೊತ್ತಾಗುತ್ತದೆ.

ರೇಷ್ಮೆಹುಳು
ಜೀವಂತ ಇದ್ದಾರೆ ಅಂತ ಗೊತ್ತಾಗದೇ ಆರೂವರೆ ವರ್ಷ ಕಾದವರು ಇಲ್ಲಿದ್ದೇವೆ, ನಮಸ್ಕಾರ.

ನಾವು ಕಾದ ಆಟ ಹಾಲೋ ನೈಟ್: ಸಿಲ್ಕ್‌ಸಾಂಗ್. 2019ರ ಫೆಬ್ರವರಿಯಲ್ಲಿ ಘೋಷಣೆ. ಅದನ್ನು ಮಾಡುವ ಟೀಮ್ ಚೆರ್ರಿ ಅಂದರೆ ಮುಖ್ಯವಾಗಿ ಮೂರು ಜನ. ವರದಿ ಇಲ್ಲ, ಮುಂದಿನ ಕೆಲಸದ ನಕ್ಷೆ ಇಲ್ಲ, ಏನೂ ಇಲ್ಲ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಕಾಣಿಸಿತು, ಅಲ್ಲಿ ತೋರಿಸಿದ ಆಟಗಳೆಲ್ಲ ಮುಂದಿನ 12 ತಿಂಗಳಲ್ಲಿ ಬರುತ್ತವೆ ಅಂದರು. 2023ರ ಮೇನಲ್ಲಿ, ಇಲ್ಲ ತಡವಾಗುತ್ತದೆ ಅಂದರು. ಮತ್ತೆ ಮೌನ.

ಆ ಮೌನದಲ್ಲಿ ನಮಗೆ ತಲೆ ಕೆಟ್ಟಿದ್ದು ಹೇಗೆ ಅಂದರೆ, 2025ರ ಜನವರಿಯಲ್ಲಿ ಅದರ ರೂವಾರಿಗಳಲ್ಲಿ ಒಬ್ಬರು ತಮ್ಮ ಪ್ರೊಫೈಲ್‌ಗೆ ಚಾಕೊಲೇಟ್ ಕೇಕಿನ ಫೋಟೊ ಹಾಕಿದರು. ಕೇಕು. ಬರೀ ಕೇಕು. ಜನ ಆ ಫೋಟೊ ಎಲ್ಲಿಂದ ಬಂತು, ಯಾವ ತಾರೀಖಿನದು ಅಂತೆಲ್ಲ ಅಗೆದು ಅದರೊಳಗಿಂದ ಬಿಡುಗಡೆ ದಿನಾಂಕ ತೆಗೆಯಲು ಹೊರಟರು. ನಾನೂ ಅಗೆದೆ, ನಾಚಿಕೆ ಇಲ್ಲದೆ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಕೇಕಿನ ಪದರ ಎಣಿಸುತ್ತಾ ಕೂತಿದ್ದೆ. ಕೊನೆಗೆ ಅವರ ಪರವಾಗಿ ಮಾತಾಡುವವರೇ ಬಂದು, ಕೇಕಿನಲ್ಲಿ ಏನೂ ಇಲ್ಲ, ಆದರೆ ಆಟ ನಿಜ, ಕೆಲಸ ನಡೆಯುತ್ತಿದೆ, ಬರುತ್ತದೆ ಅಂದರು.

ಬಂತು. ಆಗಸ್ಟ್ 21ಕ್ಕೆ ದಿನಾಂಕ ಹೇಳಿದರು, ಸೆಪ್ಟೆಂಬರ್ 4ಕ್ಕೆ ಆಟ ಕೈಯಲ್ಲಿ. ಎರಡೇ ವಾರ. 20 ಡಾಲರ್. ಮೊದಲ ದಿನ ಜನ ಮುಗಿಬಿದ್ದು ಸ್ಟೀಮ್ ಸೇರಿ ಹಲವು ಅಂಗಡಿಗಳ ಸರ್ವರ್ ಮಲಗಿದವು.

ಆದ್ದರಿಂದ ನನ್ನ ಅಭಿಪ್ರಾಯ: ಬಾಯಿ ಮುಚ್ಚಿಕೊಂಡು ಮಾಡುವುದೇ ಮೇಲು.

ಅರ್ಧರಾತ್ರಿ_ಪೈಲಟ್
ಕೇಕಿನ ಪದರ ಎಣಿಸಿದವರು ಮೌನವೇ ಮೇಲು ಅನ್ನುತ್ತಿದ್ದೀರಲ್ಲ!

ರೇಷ್ಮೆಹುಳು
ಆಟ ಬಂದಿದೆಯಲ್ಲ ಈಗ. ಬಂದ ಮೇಲೆ ಎಲ್ಲಾ ಮೇಲೇ.

ಲೆಕ್ಕ ಕೇಳುವವ
ದೊಡ್ಡ ವ್ಯತ್ಯಾಸ ಒಂದಿದೆ. ಸಿಲ್ಕ್‌ಸಾಂಗ್‌ನವರು ಮಧ್ಯದಲ್ಲಿ ದುಡ್ಡು ಕೇಳಲಿಲ್ಲ. ಹಳೇ ಆಟ ಮಾರಿದ ಹಣದಲ್ಲಿ ಮಾಡಿದರು. ಮೌನವಾಗಿರುವ ಹಕ್ಕು ಅವರಿಗಿತ್ತು. ನನ್ನ ದುಡ್ಡಲ್ಲಿ ಮಾಡುವವರು ನನಗೆ ಲೆಕ್ಕ ಕೊಡಬೇಕು.

ಸೊನ್ನೆ ಒಂದು
ಲೆಕ್ಕ ಕೊಟ್ಟರಲ್ಲ. ಕೊಟ್ಟಿದ್ದೇ ತಪ್ಪಾಯಿತು. ಸ್ಟಾರ್ ಸಿಟಿಜನ್‌ನವರು ಮುಂದಿನ ನಾಲ್ಕು ತ್ರೈಮಾಸಿಕದ ಕೆಲಸದ ನಕ್ಷೆ ತೆರೆದಿಟ್ಟಿದ್ದರು, ಯಾವ ತಂಡ ಯಾವ ವಾರ ಯಾವ ಕೆಲಸ ಅಂತ. ಅದರಲ್ಲಿ ಒಂದು ಕೆಲಸ ಮುಂದಕ್ಕೆ ಜರುಗಿದರೆ ಅವತ್ತೇ ಜಗಳ. 2022ರ ಫೆಬ್ರವರಿಯಲ್ಲಿ, ಇನ್ನು ಮುಂದಿನ ಒಂದು ತ್ರೈಮಾಸಿಕ ಬಿಟ್ಟು ಆಚೆಗಿನದು ತೋರಿಸುವುದಿಲ್ಲ ಅಂದುಬಿಟ್ಟರು. ಅಂದಾಜನ್ನು ಮಾತು ಕೊಟ್ಟಂತೆ ಹಿಡಿಯುವ, ಗದ್ದಲ ಮಾಡುವ ಒಂದು ಗುಂಪಿದೆ ಅಂತಲೂ ಬರೆದರು.

ಲೆಕ್ಕ ಕೇಳುವವ
ಹೌದು, ಆ ಗುಂಪು ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೌನಿ
2016ರಲ್ಲೇ ಬಿಟ್ಟೆ ಅಂದಿದ್ದಿರಿ?

ಲೆಕ್ಕ ಕೇಳುವವ
ಕಾಯುವುದು ಬಿಟ್ಟೆ ಅಂದೆ. ನೋಡುವುದು ಬಿಟ್ಟೆ ಅಂದೆನಾ?

ವಾರಾಂತ್ಯ_ಯೋಧ
ತಡವಾದ ಆಟ ಕೊನೆಗೆ ಚೆನ್ನಾಗಾಗುತ್ತದೆ, ಅವಸರದ ಆಟ ಎಂದೆಂದಿಗೂ ಕೆಟ್ಟದ್ದೇ ಅಂತ ನಿಂಟೆಂಡೊದ ಮಿಯಾಮೊಟೊ ಹೇಳಿಲ್ಲವಾ? ಅಲ್ಲಿಗೆ ಮಾತು ಮುಗೀತು.

ಹಳೇ ಜಾಯ್‌ಸ್ಟಿಕ್
ಆ ಮಾತು ಮಿಯಾಮೊಟೊ ಹೇಳಿದ್ದಕ್ಕೆ ದಾಖಲೆ ಎಲ್ಲೂ ಸಿಕ್ಕಿಲ್ಲ. ಹುಡುಕಿದವರಿಗೆ ಅಂಥದ್ದೇ ಮಾತು 90ರ ದಶಕದಲ್ಲಿ ಬೇರೆಯವರ ಬಾಯಲ್ಲಿ ಸಿಕ್ಕಿದೆ. ಹೋಗಲಿ, ಮಾತೂ ನಿಜವಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂತು. ಯಾವಾಗ ಅಂದರೆ ‘ಆದಾಗ’ ಅನ್ನುತ್ತಿದ್ದರು. ಆಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಘೋಷಿಸಿ ವರ್ಷ ಕಳೆಯುತ್ತಿದ್ದಂತೆ ಎಂಜಿನ್ನೇ, ಅಂದರೆ ಆಟ ನಿಲ್ಲುವ ತಳಪಾಯದ ಸಾಫ್ಟ್‌ವೇರೇ, ಬದಲಾಯಿಸಿದ್ದರು, ಕ್ವೇಕ್ 2 ಬಿಟ್ಟು ಅನ್‌ರಿಯಲ್. ಹೊಸದು ಬಂದಾಗೆಲ್ಲ ಅದು ನಮ್ಮಲ್ಲೂ ಇರಬೇಕು ಅನ್ನುವ ಚಪಲ.

ಅವಸರದ ಆಟ ಎಂದೆಂದಿಗೂ ಕೆಟ್ಟದ್ದು ಅನ್ನುವುದೂ ಹಳೇ ಮಾತು. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಉಗಿಸಿಕೊಂಡು, ಆಮೇಲೆ ವರ್ಷವರ್ಷ ಉಚಿತ ಅಪ್‌ಡೇಟ್ ಕೊಟ್ಟು ಮೇಲೆದ್ದಿತಲ್ಲ.

ವಾರಾಂತ್ಯ_ಯೋಧ
ಸರಿ ಸರ್. ಆ ಸಾಲು ನನ್ನ ಮೇಜಿನ ಮೇಲೆ ಪ್ರಿಂಟ್ ಹಾಕಿ ಅಂಟಿಸಿದ್ದೆ. ತೆಗೆಯುತ್ತೇನೆ.

ಬಗ್ಗೇಶ
ತೆಗೆಯಬೇಡಿ, ಕೆಳಗೆ ಬೇರೆ ಹೆಸರು ಬರೆಯಿರಿ.

ಕೋಡಂಗಿ
ಪದಗಳನ್ನು ನಂಬಬಾರದು ಅನ್ನೋದಕ್ಕೆ ಸೈಬರ್‌ಪಂಕ್ 2077 ನೋಡಿ. 2020ರ ಅಕ್ಟೋಬರ್ 5ಕ್ಕೆ ‘ಗೋಲ್ಡ್’ ಆಯಿತು ಅಂದರು. ಗೋಲ್ಡ್ ಅಂದರೆ ಡಿಸ್ಕ್ ಅಚ್ಚಿಗೆ ಹೋಗುವಷ್ಟು ಮುಗಿದಿದೆ ಅಂತ, ಅಲ್ವಾ? ಅದೇ ತಿಂಗಳು 27ಕ್ಕೆ ಮತ್ತೆ ಮುಂದೂಡಿದರು! ಡಿಸೆಂಬರ್ 10ಕ್ಕೆ ಬಂತು, 18ಕ್ಕೆ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದೇ ಹಾಕಿದರು. ಆರು ತಿಂಗಳು ಬಿಟ್ಟು ವಾಪಸ್ ಬಂತು. 2023ರ 2.0 ಅಪ್‌ಡೇಟ್ ಆದ ಮೇಲೆ ನಾನು ಆಡಿದೆ, ಅದ್ಭುತ. ಆದರೆ ‘ಗೋಲ್ಡ್’ ಅಂದರೂ ಬಂಗಾರ ಅಲ್ಲದಿದ್ದ ಮೇಲೆ ‘ಫೀಚರ್ ಕಂಪ್ಲೀಟ್’ ಯಾವ ಲೆಕ್ಕ?

ಹೊಸಬ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಈ ಆಟದ ಇತಿಹಾಸ ಏನೂ ಗೊತ್ತಿಲ್ಲ. ಒಂದು ವಿಡಿಯೊ ನೋಡಿದೆ. ಒಬ್ಬ ನೆಲದ ಮೇಲೆ ನಡೆದುಕೊಂಡು ಹೋಗಿ ಹಡಗು ಹತ್ತಿ, ಅದೇ ಹಡಗು ಮೇಲೇರಿ ಆಕಾಶ ದಾಟಿ ಬಾಹ್ಯಾಕಾಶಕ್ಕೆ ಹೋಯಿತು. ಮಧ್ಯೆ ಎಲ್ಲೂ ಲೋಡಿಂಗ್ ಪರದೆ ಬರಲಿಲ್ಲ. ಚೆನ್ನಾಗಿತ್ತು. ಈಗ ತಗೋಬಹುದಾ?

ಲೆಕ್ಕ ಕೇಳುವವ
ಬೇಡ.

ಹಳೇ ಜಾಯ್‌ಸ್ಟಿಕ್
ತಗೊಳ್ಳಿ.

ಅರ್ಧರಾತ್ರಿ_ಪೈಲಟ್
ತಗೋಬೇಡಿ, ಆದರೆ ಆಡಿ. ವರ್ಷಕ್ಕೆ ಕೆಲವು ಸಲ ‘ಫ್ರೀ ಫ್ಲೈ’ ಅಂತ ಬಿಡುತ್ತಾರೆ, ಕೆಲವು ದಿನ ಯಾರು ಬೇಕಾದರೂ ದುಡ್ಡಿಲ್ಲದೆ ಆಡಬಹುದು. ಈಗಲೂ ಒಂದು ನಡೆಯುತ್ತಿದೆ. ಅದು ಸ್ಟಾರ್ ಸಿಟಿಜನ್, ನೆನಪಿರಲಿ. ನಾನು ಕಾಯುತ್ತಿರುವುದು ಸ್ಕ್ವಾಡ್ರನ್ 42. ಎರಡೂ ಬೇರೆ.

ಬಗ್ಗೇಶ
ಒಂದೇ ಮಾತು: ಲಿಫ್ಟ್ ಹತ್ತುವ ಮುಂಚೆ ಒಳಗೆ ನೆಲ ಇದೆಯಾ ನೋಡಿಕೊಳ್ಳಿ. ಆ ಆಟದ ಲಿಫ್ಟ್‌ಗಳು ಜಗತ್ಪ್ರಸಿದ್ಧ.

ಹೊಸಬ
ತಮಾಷೆ ಮಾಡುತ್ತಿದ್ದೀರಾ?

ಮೌನಿ
ಇಲ್ಲ.

ಹೊಸಬ
ಸರಿ, ಡೌನ್‌ಲೋಡ್‌ಗೆ ಹಾಕಿದ್ದೇನೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ. ಬಾಹ್ಯಾಕಾಶದ ಬೇರೆ ಆಟಗಳು ಎಷ್ಟೋ ಬಂದಿವೆ, ಇದೊಂದಕ್ಕೇ ಯಾಕೆ ಇಷ್ಟು ವರ್ಷ? ಜನ ಕಮ್ಮಿಯಾ?

ಸೊನ್ನೆ ಒಂದು
ಜನ ಕಮ್ಮಿ ಇಲ್ಲ, ತಳಪಾಯ ಬದಲಾಯಿಸಿದ್ದು ಒಂದು ಕಾರಣ. ಅವರು ತಗೊಂಡದ್ದು ಕ್ರೈಎಂಜಿನ್ ಅನ್ನುವ ಸಿದ್ಧ ಎಂಜಿನ್. ಕೆಲವು ಕಿಲೋಮೀಟರ್ ಅಗಲದ ಕಾಡು, ದ್ವೀಪ ಇಂಥದ್ದಕ್ಕೆ ಮಾಡಿದ್ದು. ಅದರಲ್ಲಿ ಜಾಗ ಅಳೆಯುವುದು 32 ಬಿಟ್ ಸಂಖ್ಯೆಯಲ್ಲಿ. ಅಂಥ ಸಂಖ್ಯೆಗೆ ನಂಬಬಹುದಾದ ಅಂಕಿ ಏಳರಷ್ಟೇ. ಮಧ್ಯಬಿಂದುವಿನ ಹತ್ತಿರ ಇದ್ದರೆ ಕೂದಲೆಳೆಯಷ್ಟು ನಿಖರ. ದೂರ ಹೋದಷ್ಟೂ ಒರಟು. ಮೀಟರಿನಲ್ಲಿ ಅಳೆದರೆ, ಮಧ್ಯದಿಂದ 16,777 ಕಿಲೋಮೀಟರ್ ದಾಟಿದ ಮೇಲೆ ಒಂದು ಬಿಂದುವಿಗೂ ಮುಂದಿನ ಬಿಂದುವಿಗೂ 2 ಮೀಟರ್ ಅಂತರ. ನೀವು ಕೈ ಎತ್ತಿದರೆ ಕೈ ಒಂದೋ ಇಲ್ಲೇ ಇರುತ್ತದೆ, ಇಲ್ಲ 2 ಮೀಟರ್ ಆಚೆ ಇರುತ್ತದೆ. ಮಧ್ಯೆ ಜಾಗವೇ ಇಲ್ಲ.

ಗ್ರಹಗಳಿರುವ ಆಟಕ್ಕೆ ಇದು ನಡೆಯುತ್ತಾ? ಹಾಗಾಗಿ ಎಂಜಿನ್ನಿನ ಹೊಟ್ಟೆ ಬಗೆದು 64 ಬಿಟ್‌ಗೆ ತಂದರು. ಬೇರೆ ಆಟಗಳು ಆಟಗಾರನನ್ನು ಮಧ್ಯದಲ್ಲೇ ಇಟ್ಟು ಪ್ರಪಂಚವನ್ನೇ ಜರುಗಿಸುತ್ತವೆ. ಇಲ್ಲಿ ನೂರಾರು ಜನ ಬೇರೆ ಬೇರೆ ಕಡೆ ಇರುತ್ತಾರೆ, ಯಾರನ್ನು ಮಧ್ಯ ಅನ್ನುತ್ತೀರಿ?

ಇನ್ನೊಂದು ಸರ್ವರ್ ಮೆಶಿಂಗ್. ಒಂದೇ ಲೋಕವನ್ನು ಹಲವು ಸರ್ವರ್‌ಗಳು ಹಂಚಿಕೊಂಡು ನಡೆಸುವುದು. ನೀವು ಒಂದು ಸರ್ವರಿನ ಗಡಿಯೊಳಗೆ ನಿಂತು ಗುಂಡು ಹಾರಿಸುತ್ತೀರಿ, ಅದು ಇನ್ನೊಂದು ಸರ್ವರಿನ ಗಡಿಯೊಳಗಿನ ಹಡಗಿಗೆ ಬಡಿಯಬೇಕು. ಬಡಿಯಿತೋ ಇಲ್ಲವೋ ಅಂತ ಹೇಳುವ ಅಧಿಕಾರ ಯಾರದ್ದು? ಇದನ್ನು ಬಗೆಹರಿಸಿ ಜನರ ಕೈಗೆ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ, ಆಲ್ಫಾ 4.0 ಅನ್ನುವ ಆವೃತ್ತಿಯ ಜೊತೆ. ಅದಕ್ಕೆ ಮುಂಚೆ ಒಂದು ಕಡೆ ನೂರರ ಆಸುಪಾಸು ಜನ, ಆಮೇಲೆ ಐನೂರರ ಆಸುಪಾಸು.

ಲೆಕ್ಕ ಕೇಳುವವ
ಅದೇ 4.0ರಲ್ಲೇ ಎರಡನೇ ನಕ್ಷತ್ರಮಂಡಲ, ಅಂದರೆ ಇನ್ನೊಂದು ಸೂರ್ಯ ಮತ್ತು ಅದರ ಗ್ರಹಗಳು, ಪೈರೋ ಬಂದದ್ದು. ಕಿಕ್‌ಸ್ಟಾರ್ಟರ್ ಕಾಲದಲ್ಲಿ ಹೇಳಿದ್ದು 100 ಮಂಡಲ. ಅಲ್ಲಿಗೆ 12 ವರ್ಷಕ್ಕೆ 2. ಉಳಿದದ್ದು ಯಾರಾದರೂ ಲೆಕ್ಕ ಹಾಕಿ.

ಕೋಡಂಗಿ
588 ವರ್ಷ. ಮೊಮ್ಮಕ್ಕಳಿಗೆ ಪಾಸ್‌ವರ್ಡ್ ಬರೆದಿಡಬೇಕು.

ಸೊನ್ನೆ ಒಂದು
ಮೊದಲ ಸೇತುವೆಗೆ ಹತ್ತು ವರ್ಷ ಆಯಿತು ಅಂದರೆ ಎರಡನೆಯದಕ್ಕೂ ಹತ್ತೇ ವರ್ಷ ಬೇಕು ಅಂತಲ್ಲ. ಆದರೂ... ಸರಿ, ಇದರಲ್ಲಿ ನಿಮ್ಮ ಜೊತೆ ವಾದ ಮಾಡುವುದಿಲ್ಲ. ತಾವೇ ಹೇಳಿದ ಮಾತು ಅದು.

ಲೆಕ್ಕ ಕೇಳುವವ
ಈ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಮೌನಿ
ಬೆಡ್‌ಶೀಟ್ ವಿಷಯ ಯಾರೂ ಎತ್ತಲಿಲ್ಲವಲ್ಲ ಇನ್ನೂ.

ಅರ್ಧರಾತ್ರಿ_ಪೈಲಟ್
ಅಯ್ಯೋ, ಬೇಡ.

ಬಗ್ಗೇಶ
ನಾನು ಹೇಳುತ್ತೇನೆ. 2022ರ ಒಂದು ಮಾಸಿಕ ವರದಿಯಲ್ಲಿ, ಪಾತ್ರಗಳು ಹಾಸಿಗೆ ಮೇಲೆ ಮಲಗುವಾಗ ಬೆಡ್‌ಶೀಟ್ ಹೇಗೆ ಮಡಚಿಕೊಳ್ಳಬೇಕು ಅನ್ನೋದರ ಮೇಲೆ ಕೆಲಸ ನಡೆಯುತ್ತಿದೆ ಅಂತ ಬಂತು. ಇಂಟರ್ನೆಟ್ ಪೂರ್ತಿ ನಕ್ಕಿತು. ಹತ್ತು ವರ್ಷದಿಂದ ಬಾರದ ಆಟದಲ್ಲಿ ಹೊದಿಕೆಯ ಸುಕ್ಕು!

ನಾನು ಮಾತ್ರ ನಗಲಿಲ್ಲ, ಯಾಕಂದರೆ ಬೆಡ್‌ಶೀಟ್ ಮಾಡುವವನು ಸರ್ವರ್ ಸರಿ ಮಾಡುವವನಲ್ಲ. ಅವನ ಕೈಯಿಂದ ಹೊದಿಕೆ ಕಿತ್ತುಕೊಂಡರೆ ಸರ್ವರ್ ಬೇಗ ಆಗುವುದಿಲ್ಲ. ಆದರೆ ಇದನ್ನು ಯಾರಿಗೆ ಹೇಳಿದರೂ ಕೇಳುವುದಿಲ್ಲ.

ವಾರಾಂತ್ಯ_ಯೋಧ
ಅವನಿಗೆ ಕೊಡುವ ಸಂಬಳ ಸರ್ವರ್ ಸರಿ ಮಾಡುವವನಿಗೆ ಕೊಡಬಹುದಿತ್ತಲ್ಲ?

ಬಗ್ಗೇಶ
ನೋಡಿ, ಹೇಳಿದೆನಲ್ಲ.

ರೇಷ್ಮೆಹುಳು
ತಡವಾಗುವುದನ್ನು ನೇರವಾಗಿ ಹೇಳಿದವರೂ ಇದ್ದಾರೆ. ಮೆಟ್ರಾಯ್ಡ್ ಪ್ರೈಮ್ 4. 2017ರಲ್ಲಿ ಬರೀ ಹೆಸರಿನ ಚಿತ್ರ ತೋರಿಸಿದರು. 2019ರ ಜನವರಿಯಲ್ಲಿ ನಿಂಟೆಂಡೊದವರೇ ಒಂದು ವಿಡಿಯೊ ಮಾಡಿ, ನಾವು ಅಂದುಕೊಂಡ ಮಟ್ಟಕ್ಕೆ ಬಂದಿಲ್ಲ, ರೆಟ್ರೊ ಸ್ಟುಡಿಯೋಸ್ ಜೊತೆ ಮೊದಲಿಂದ ಶುರು ಮಾಡುತ್ತಿದ್ದೇವೆ ಅಂದರು. ಸಂಗೀತ ಇಲ್ಲ, ಗ್ರಾಫಿಕ್ಸ್ ಇಲ್ಲ. ಒಬ್ಬ ಮನುಷ್ಯ ನಿಂತು ಹೇಳಿದ್ದು, ಅಷ್ಟೇ. ಆಟ ಬಂದದ್ದು 2025ರ ಡಿಸೆಂಬರ್ 4. ಆ ವಿಡಿಯೊ ನೋಡಿ ಯಾಕೋ ಅವತ್ತು ಸಿಟ್ಟೇ ಬರಲಿಲ್ಲ ನನಗೆ.

ಹಳೇ ಜಾಯ್‌ಸ್ಟಿಕ್
ಡ್ವಾರ್ಫ್ ಫೋರ್ಟ್ರೆಸ್ ಕೂಡ. ಅಣ್ಣ ತಮ್ಮ ಇಬ್ಬರೇ, 2002ರಿಂದ. ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ, ಯಾರೂ ಬಯ್ಯುವುದೂ ಇಲ್ಲ. ಚಿತ್ರಗಳಿರುವ, ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಉಚಿತ, ಇಷ್ಟವಿದ್ದವರು ದೇಣಿಗೆ ಕೊಡುತ್ತಿದ್ದರು. ದಿನಾಂಕ ಹೇಳಲಿಲ್ಲ, ತಪ್ಪಲಿಲ್ಲ.

ಅಂದಹಾಗೆ ಯಾರ ಹತ್ತಿರವಾದರೂ ಒಳ್ಳೆ ಜಾಯ್‌ಸ್ಟಿಕ್ ಸಲಹೆ ಇದೆಯಾ? ಎಡಗೈಗೂ ಒಂದು ಬೇಕು.

ಕೋಡಂಗಿ
ಬಲಕ್ಕೆ ವಾಲಿದ್ದೊಂದು ತಗೊಳ್ಳಿ, ಲೆಕ್ಕ ಸರಿಹೋಗುತ್ತದೆ.

ಅರ್ಧರಾತ್ರಿ_ಪೈಲಟ್
ನಾನು ಯಾಕೆ ಈ ಪ್ರಶ್ನೆ ಕೇಳಿದೆ ಅಂತ ಹೇಳಿಬಿಡುತ್ತೇನೆ. 2014ರಲ್ಲಿ ಈ ಆಟಕ್ಕೆ ಅಂತಲೇ ಒಂದು ಗ್ರಾಫಿಕ್ಸ್ ಕಾರ್ಡ್ ಕೊಂಡೆ. ಆಗ ನನ್ನ ಅರ್ಧ ತಿಂಗಳ ಸಂಬಳ. ಆ ಕಾರ್ಡ್ ಹಳತಾಗಿ ಇನ್ನೊಂದು ಬಂತು, ಅದೂ ಹೋಗಿ ಮತ್ತೊಂದು ಬಂತು. ಮೊದಲನೆಯದು ಡ್ರಾಯರ್‌ನಲ್ಲಿತ್ತು. ಮೊನ್ನೆ ಮಗಳಿಗೆ ಸಿಕ್ಕಿತು, ಆರು ವರ್ಷ ಅವಳಿಗೆ. ಅದರ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತಾ, ಬಾಯಲ್ಲಿ ಗುರ್ ಅಂತ ಸದ್ದು ಮಾಡುತ್ತಾ, ಸೋಫಾದಿಂದ ಸೋಫಾಕ್ಕೆ ಹಾರಿಸಿಕೊಂಡು ಹೋದಳು. ಇದು ಏನು ಪುಟ್ಟಿ ಅಂದರೆ ‘ರಾಕೆಟ್’ ಅಂದಳು.

ಕೊಂಡಾಗಿನಿಂದ ಆ ಕಾರ್ಡ್ ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮೊದಲು.

ಮೌನಿ
ಈ ಎಳೆಯಲ್ಲಿ ಇದಕ್ಕಿಂತ ಒಳ್ಳೆ ಪ್ರಗತಿ ವರದಿ ಇನ್ನೊಂದಿಲ್ಲ.

ಲೆಕ್ಕ ಕೇಳುವವ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ 2024ರ ಆ ಪ್ರದರ್ಶನ ನೋಡಿದ್ದೀರಾ? ವೇದಿಕೆ ಮೇಲೆ ಸ್ಕ್ವಾಡ್ರನ್ 42ರ ಮೊದಲ ಭಾಗ, ಒಂದು ಗಂಟೆಗೂ ಜಾಸ್ತಿ, ನೇರ ಆಡಿ ತೋರಿಸಿದರು. ಮಧ್ಯೆ ಮಧ್ಯೆ ಕ್ರ್ಯಾಶ್ ಆಯಿತು. ಫೀಚರ್ ಕಂಪ್ಲೀಟ್ ಆಗಿ ಒಂದು ವರ್ಷದ ಮೇಲೆ!

ಅರ್ಧರಾತ್ರಿ_ಪೈಲಟ್
ನೋಡಿದೆ. ಕ್ರ್ಯಾಶ್ ಆದಾಗ ಸಭೆಯಲ್ಲಿದ್ದವರು ಚಪ್ಪಾಳೆ ಹೊಡೆದು ಹುರಿದುಂಬಿಸಿದರು, ಗಮನಿಸಿದಿರಾ? ಹುಸಿ ವಿಡಿಯೊ ತಂದು ಹಾಕಬಹುದಿತ್ತು, ಹಾಕಲಿಲ್ಲ. ನನಗೆ ಆ ಕ್ರ್ಯಾಶ್ ನೋಡಿಯೇ ನಂಬಿಕೆ ಬಂದದ್ದು.

ಲೆಕ್ಕ ಕೇಳುವವ
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. 2026 ಮುಗಿದ ದಿನ ಇದೇ ಎಳೆಯನ್ನು ಮೇಲೆ ತರುತ್ತೇನೆ.

ಅರ್ಧರಾತ್ರಿ_ಪೈಲಟ್
ತನ್ನಿ. ಇಬ್ಬರೂ ಇಲ್ಲೇ ಇರುತ್ತೇವೆ, ಬಿಡಿ.

ಸೊನ್ನೆ ಒಂದು
@ಹೊಸಬ ಡೌನ್‌ಲೋಡ್ ಏನಾಯಿತು?

ಹೊಸಬ
ಈಗಷ್ಟೇ ಮುಗಿಯಿತು. 100 ಜಿಬಿ ದಾಟಿತು, ಹಳೇ ಆಟ ನಾಲ್ಕು ಅಳಿಸಬೇಕಾಯಿತು. ಶುರುವಿನಲ್ಲಿ ಊರು ಆರಿಸಿ ಅಂತ ಕೇಳಿತು, ನ್ಯೂ ಬ್ಯಾಬೇಜ್ ಒತ್ತಿದೆ. ಹಾಸಿಗೆ ಮೇಲೆ ಎಚ್ಚರ ಆಯಿತು. ಏಳುವುದಕ್ಕೆ ಯಾವ ಬಟನ್ ಅಂತ ಹುಡುಕೋಕೇ ಐದು ನಿಮಿಷ.

ಬಗ್ಗೇಶ
ಬೆಡ್‌ಶೀಟ್ ಹೇಗಿತ್ತು???

ಹೊಸಬ
ನೋಡೋಕೆ ಮರೆತೆ ಸರ್. ಹೊರಗೆ ಬಂದರೆ ದೊಡ್ಡ ಗಾಜು, ಆಚೆಗೆಲ್ಲ ಹಿಮ. ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಹಡಗಿನ ವಿಷಯವೇ ಮರೆತುಹೋಗಿತ್ತು.

ಈಗ ಲಿಫ್ಟ್ ಮುಂದೆ ಇದ್ದೇನೆ. ಬಾಗಿಲು ತೆರೆಯಿತು. ನೆಲ ಇದೆ. ಹತ್ತಲಾ?